ಭೂಕಂದಾಯ ಮತ್ತು ಹೆಣ್ಣಿನ ಹೆಸರು: ಹುಕ್ಕೇರಿ ಸೀಮೆ

ಬೆಳಗಾವಿ ಜಿಲ್ಲೆಯ ನಿಡಸೋಸಿ, ಸಂಕೇಶ್ವರ, ಗೋಕಾಕ ಭಾಗದಲ್ಲಿ ಹೊಲದ ದಾಖಲೆಯನ್ನು ಉತಾರ ಎನ್ನುತ್ತಾರೆ. ಕಂದಾಯ ಯಾರು ಕಟ್ಟಬೇಕೆಂದು ಗೊತ್ತುಮಾಡಲು ಹುಟ್ಟಿದ ಈ ಕಾಗದವೇ ಬೆಳೆಸಾಲ, ಬರ ಪರಿಹಾರ ಯಾರ ಕೈಸೇರಬೇಕು ಎಂಬುದನ್ನೂ ತೀರ್ಮಾನಿಸುತ್ತ ಬಂದಿದೆ.

ಬ್ರಿಟಿಷ್ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭಿಸಿದ ಸರ್ವೆ ಪದ್ಧತಿ ಮುಂದೆ ಬೆಳಗಾವಿಗೂ ಬಂತು. ಮಣ್ಣಿನ ಗುಣ ನೋಡಿ ದರ ಕಟ್ಟಿ, 30 ವರ್ಷ ಅದನ್ನು ಏರಿಸದಿರುವುದು ಅದರ ಕ್ರಮ. ಎರೆಮಣ್ಣಿಗೂ ಮಸಾರಿ ಮಣ್ಣಿಗೂ ಅದು ನ್ಯಾಯ ಮಾಡಿತು, ಹೆಣ್ಣಿಗೆ ಮಾಡಲಿಲ್ಲ. ಕೂಡುಕುಟುಂಬದ ಹೊಲಕ್ಕೆ ಖಾತೆದಾರ ಎಂದರೆ ಮನೆಯ ಹಿರಿಯ ಗಂಡಸು. ಬಿತ್ತಿ, ಕಳೆ ತೆಗೆದು, ರಾಶಿ ಮಾಡಿದವಳು ಹಳೆಯ ಉತಾರಗಳಲ್ಲಿ ಕಾಣಿಸಿದರೆ ಬಹುಮಟ್ಟಿಗೆ ‘ಅ.ಪಾ.ಕ. ತಾಯಿ’ ಎಂದೇ, ಅಂದರೆ ಅಪ್ರಾಪ್ತ ಮಗನ ಪಾಲಕಿಯಾಗಿ.

ಖಾತೆಯಲ್ಲಿ ಹೆಸರಿಲ್ಲದ ಹೆಂಗಸರೂ ಕರನಿರಾಕರಣೆಗೆ ಇಳಿದರು. 1932ರಲ್ಲಿ ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ, ಕಂದಾಯ ಕಟ್ಟದವರಿಂದ ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯೆದುರು ರೈತ ಮಹಿಳೆಯರು ಉಪವಾಸ ಕೂತರು. ಅವರದು ಮನೆಯ ಗಂಡಸರ ಹೋರಾಟಕ್ಕೆ ಕೊಟ್ಟ ಬೆಂಬಲವಷ್ಟೇ ಎನ್ನುವುದು ಅವರಿಗೆ ಮಾಡುವ ಅನ್ಯಾಯ.

ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದಿತು; ಮುಂಬಯಿ ಆಡಳಿತದಲ್ಲಿದ್ದ ಹುಕ್ಕೇರಿಗೆ ಅದು ಅನ್ವಯಿಸಲಿಲ್ಲ. 1956ರ ಉತ್ತರಾಧಿಕಾರ ಕಾಯಿದೆಯ ನಂತರವೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಪಾಲು ಗಂಡುಮಕ್ಕಳಿಗಷ್ಟೇ ಇತ್ತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಮಗಳಿಗೂ ಆ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟಿತು. ಆ ತಾರತಮ್ಯ ಹೋದದ್ದು 2005ರ ಕೇಂದ್ರ ತಿದ್ದುಪಡಿಯಿಂದ.

ಇನ್ನು ತೆರಿಗೆಯ ಮಾತು. ಆದಾಯ ತೆರಿಗೆಯಲ್ಲಿ ಮಹಿಳೆಯರಿಗೆ ಕೆಲಕಾಲ ಹೆಚ್ಚಿನ ವಿನಾಯಿತಿ ಮಿತಿ ಇತ್ತು: 2005-06ರಲ್ಲಿ ಇತರರಿಗೆ 1 ಲಕ್ಷ, ಅವರಿಗೆ 1.35 ಲಕ್ಷ ರೂಪಾಯಿ. 2012-13ರಿಂದ ಅದು ನಿಂತಿತು. ಕೃಷಿ ಆದಾಯಕ್ಕೆ ಆ ತೆರಿಗೆಯೇ ಇಲ್ಲದ್ದರಿಂದ ಹೊಲದಲ್ಲಿ ದುಡಿಯುವವಳಿಗೆ ಅದರಿಂದ ಏನೂ ದಕ್ಕಲಿಲ್ಲ.

ಅವಳಿಗೆ ನೇರವಾಗಿ ತಟ್ಟುವುದು ಮುದ್ರಾಂಕ ಶುಲ್ಕ. ಗಡಿಯಾಚೆಯ ಮಹಾರಾಷ್ಟ್ರ 2021ರ ಏಪ್ರಿಲ್‌ನಿಂದ ಮಹಿಳೆಯ ಹೆಸರಿನಲ್ಲಿ ಕೊಳ್ಳುವ ಮನೆಗೆ ಶೇ. 1ರಷ್ಟು ರಿಯಾಯಿತಿ ಕೊಡುತ್ತಿದೆ. ಕರ್ನಾಟಕ ಆ ದಾರಿ ಹಿಡಿದಿಲ್ಲ. ಕುಟುಂಬದೊಳಗಿನ ಹಕ್ಕು ಬಿಡುಗಡೆ ಪತ್ರಕ್ಕೆ ಮಾತ್ರ ಇಲ್ಲಿ ಶುಲ್ಕ ಅತ್ಯಲ್ಪ. ಕಾನೂನಿನ ಪ್ರಕಾರ ಅಣ್ಣತಮ್ಮಂದಿರಿಗೂ ಈ ಸೌಲಭ್ಯ ಅಷ್ಟೇ ಇದೆ. ಆದರೂ ತವರಿನ ನಂಟು ಕಡಿಯಬಾರದೆಂದು ಆ ಪತ್ರಕ್ಕೆ ಸಹಿ ಹಾಕುವವರು ಸಾಮಾನ್ಯವಾಗಿ ಅಕ್ಕತಂಗಿಯರೇ.