ಹತ್ತು ಫೋಟೊದಲ್ಲೂ ಒಂದೇ ಮುಖ ಇದ್ದರೆ ಆ ವ್ಯಕ್ತಿ ನಿಜವೇ?

ಎಐ ಚಿತ್ರಗಳ ಬಗ್ಗೆ ಹಲವರು ನಂಬಿರುವ ಒಂದು ಮಾತಿದೆ: "ಎಐಗೆ ಒಂದೇ ಮುಖವನ್ನು ಎರಡು ಸಲ ಬರೆಯಲು ಆಗುವುದಿಲ್ಲ. ಒಬ್ಬರದೇ ಐದಾರು ಫೋಟೊ ಇದ್ದರೆ ಅದು ನಿಜವಾದ ಮನುಷ್ಯನದೇ." ಕೆಲವು ವರ್ಷಗಳ ಹಿಂದೆ ಇದರಲ್ಲಿ ಸ್ವಲ್ಪ ಹುರುಳಿತ್ತು. ಈಗ ಇಲ್ಲ. ಈ ಮಾತನ್ನು ನಂಬಿ ಹಣ ಕಳಿಸಿದರೆ ಅಥವಾ ಫೋಟೊ ಫಾರ್ವರ್ಡ್ ಮಾಡಿದರೆ ಮೋಸ ಹೋಗಬಹುದು.

ಎಐಗೆ ಮುಖ ನೆನಪಿರುತ್ತದೆಯೇ?

ಇಲ್ಲ. ಇಂದು ಬಳಕೆಯಲ್ಲಿರುವ ಬಹಳಷ್ಟು ಚಿತ್ರ ತಯಾರಿಸುವ ಎಐಗಳು 'ಡಿಫ್ಯೂಷನ್' ಎಂಬ ವಿಧಾನದಲ್ಲಿ ಕೆಲಸ ಮಾಡುತ್ತವೆ. ಸಿಗ್ನಲ್ ಹೋದಾಗ ಹಳೆಯ ಟಿವಿಯಲ್ಲಿ ಗಿಜಿಗಿಜಿ ಚುಕ್ಕಿಗಳು ಕಾಣುತ್ತಿದ್ದವಲ್ಲ, ಚಿತ್ರ ಶುರುವಾಗುವುದು ಅಂಥ ಚುಕ್ಕಿಗಳಿಂದ. ನೀವು ಬರೆದ ವಿವರಣೆಗೆ, ಅಂದರೆ ಪ್ರಾಂಪ್ಟ್‌ಗೆ, ಹೊಂದುವಂತೆ ಎಐ ಆ ಚುಕ್ಕಿಗಳನ್ನು ಹಂತ ಹಂತವಾಗಿ ತಿದ್ದುತ್ತಾ ಹೋಗುತ್ತದೆ. ಕೊನೆಗೆ ಚಿತ್ರ ಮೂಡುತ್ತದೆ.

"ಬಿಳಿ ಕೂದಲಿನ, ಮಲ್ಲಿಗೆ ಮುಡಿದ, ದುಂಡು ಮುಖದ ಅಜ್ಜಿ" ಎಂದು ಬರೆದಿರಿ ಎನ್ನಿ. ಈ ವಿವರಣೆಗೆ ಹೊಂದುವ ಅಜ್ಜಿಯರು ಲಕ್ಷಾಂತರ ಇರಬಹುದು. ಪ್ರತಿ ಸಲವೂ ಚುಕ್ಕಿಗಳು ಬೇರೆಯಾಗಿರುವುದರಿಂದ ಪ್ರತಿ ಸಲವೂ ಬೇರೆ ಅಜ್ಜಿ ಬರುತ್ತಾರೆ. ಮುಖವೊಂದನ್ನು ಗುರುತಿಸುವಷ್ಟು ನಿಖರವಾಗಿ ಮಾತಿನಲ್ಲಿ ವಿವರಿಸುವುದು ನಮಗೂ ಕಷ್ಟವೇ.

ಹಾಗಾದರೆ ಒಂದೇ ಮುಖ ಮತ್ತೆ ಮತ್ತೆ ಹೇಗೆ ಬರುತ್ತದೆ?

ಮುಖ್ಯವಾಗಿ ಮೂರು ದಾರಿಗಳಿವೆ.

1. ಸೀಡ್ ಸಂಖ್ಯೆ: ಆರಂಭದ ಚುಕ್ಕಿಗಳ ಜೋಡಣೆಗೆ ಒಂದು ಸಂಖ್ಯೆ ಇರುತ್ತದೆ. ಅದೇ ಸಂಖ್ಯೆ, ಅದೇ ಪ್ರಾಂಪ್ಟ್, ಅದೇ ಮಾದರಿ ಮತ್ತು ಅದೇ ಸೆಟ್ಟಿಂಗ್ ಕೊಟ್ಟರೆ ಹೆಚ್ಚುಕಡಿಮೆ ಅದೇ ಚಿತ್ರ ಬರುತ್ತದೆ. ಆದರೆ "ಅಜ್ಜಿ ಕುಳಿತಿದ್ದಾಳೆ" ಎಂಬುದನ್ನು "ಅಜ್ಜಿ ಓಡುತ್ತಿದ್ದಾಳೆ" ಎಂದು ಬದಲಿಸಿದರೆ ಮುಖವೂ ಬದಲಾಗಬಹುದು. ಸೀಡ್ ಒಂದನ್ನೇ ನಂಬಿದರೆ ಸಾಲದು.

2. ಆಧಾರ ಚಿತ್ರ: ಮುಖವನ್ನು ಮಾತಿನಲ್ಲಿ ಹೇಳುವ ಬದಲು ಒಂದು ಚಿತ್ರವನ್ನೇ ಕೊಟ್ಟು "ಇವರನ್ನೇ ಬಸ್ ನಿಲ್ದಾಣದಲ್ಲಿ ತೋರಿಸು" ಎನ್ನುವುದು. ಮಿಡ್‌ಜರ್ನಿ 2024ರ ಮಾರ್ಚ್‌ನಲ್ಲಿ ಇದಕ್ಕೆಂದೇ ಸೌಲಭ್ಯ ತಂದಿತು. 2025ರ ಆಗಸ್ಟ್‌ನಲ್ಲಿ ಗೂಗಲ್‌ನ ಜೆಮಿನಿಗೆ 'ನ್ಯಾನೊ ಬನಾನಾ' ಬಂದ ಮೇಲೆ ಇದು ಎಲ್ಲರ ಮೊಬೈಲಿಗೂ ತಲುಪಿತು. ಮರು ತಿಂಗಳೇ ಇನ್‌ಸ್ಟಾಗ್ರಾಮ್ ತುಂಬ ಹರಿದಾಡಿದ ಹಳೆಯ ಸಿನಿಮಾ ಶೈಲಿಯ ಸೀರೆ ಫೋಟೊಗಳು ಇದರಿಂದಲೇ ಬಂದವು. ಒಂದೇ ಚಾಟ್‌ನಲ್ಲಿ ಎಐ "ನೆನಪಿಟ್ಟುಕೊಂಡಂತೆ" ಕಾಣುವುದೂ ಮೇಲಿನ ಚಿತ್ರವನ್ನು ಮತ್ತೆ ನೋಡುವುದರಿಂದಲೇ. ಹೊಸ ಚಾಟ್ ತೆರೆದರೆ ಆ ಚಿತ್ರವನ್ನು ನೀವೇ ಮತ್ತೆ ಕೊಡಬೇಕಾಗಬಹುದು.

3. ಮುಖವನ್ನು ಕಲಿಸುವುದು: 2022ರಲ್ಲಿ ಗೂಗಲ್ ಮತ್ತು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 'ಡ್ರೀಮ್‌ಬೂತ್' ಎಂಬ ವಿಧಾನ ಪ್ರಕಟಿಸಿದರು. ಒಂದು ನಾಯಿಯ ಅಥವಾ ವಸ್ತುವಿನ 3ರಿಂದ 5 ಫೋಟೊ ಕೊಟ್ಟರೆ ಮಾದರಿಯು ಅದನ್ನು ಕಲಿತು, ಬೇಕಾದ ಸನ್ನಿವೇಶದಲ್ಲಿ ಚಿತ್ರಿಸಬಲ್ಲದು ಎಂದು ಅವರು ತೋರಿಸಿದರು. ಮನುಷ್ಯರ ಮುಖಕ್ಕೂ ಇದೇ ವಿಧಾನ ಬಳಕೆಗೆ ಬಂತು. 'ಲೋರಾ' ಎಂಬ ಇನ್ನೊಂದು ವಿಧಾನದಲ್ಲಿ ಕಲಿತದ್ದನ್ನು ಒಂದು ಚಿಕ್ಕ ಫೈಲ್ ಆಗಿ ಇಟ್ಟುಕೊಂಡು ಬೇಕೆಂದಾಗ ಜೋಡಿಸಬಹುದು.

ಮಕ್ಕಳಿಗೆ ಚಿತ್ರಕಥೆ ಮಾಡುವವರಿಗೆ

ಇದೇ ತಂತ್ರದಿಂದ ಒಳ್ಳೆಯ ಕೆಲಸವನ್ನೂ ಮಾಡಬಹುದು. ಕಥೆಯ ಪಾತ್ರ ಪುಟದಿಂದ ಪುಟಕ್ಕೆ ಬದಲಾಗಬಾರದು ಎಂದಿದ್ದರೆ ಹೀಗೆ ಮಾಡಿ:

• ಮೊದಲು ಪಾತ್ರದ ಚಿತ್ರಗಳನ್ನು ಮಾತ್ರ ಮಾಡಿಸಿ: ಎದುರಿನಿಂದ, ಪಕ್ಕದಿಂದ, ತಲೆಯಿಂದ ಕಾಲಿನವರೆಗೆ.
• ಬಟ್ಟೆ, ಕೂದಲು, ವಯಸ್ಸಿನ ವಿವರಣೆ ಬರೆದಿಟ್ಟು ಪ್ರತಿ ಸಲವೂ ಅದೇ ಪದಗಳನ್ನು ಬಳಸಿ. ಒಮ್ಮೆ "ಕೆಂಪು ಲಂಗ", ಇನ್ನೊಮ್ಮೆ "ಕುಂಕುಮ ಬಣ್ಣದ ಲಂಗ" ಎಂದರೆ ಲಂಗ ಬದಲಾದೀತು.
• ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ: ಜಾಗ, ಇಲ್ಲವೇ ಭಂಗಿ.
• ಪ್ರತಿ ಚಿತ್ರಕ್ಕೂ ಮೊದಲ ಚಿತ್ರವನ್ನೇ ಆಧಾರವಾಗಿ ಕೊಡಿ. ಹಿಂದಿನ ಪುಟದ ಚಿತ್ರ ಕೊಡುತ್ತಾ ಹೋದರೆ, ಜೆರಾಕ್ಸ್‌ನ ಜೆರಾಕ್ಸ್ ತೆಗೆದಂತೆ, ಸಣ್ಣ ಸಣ್ಣ ವ್ಯತ್ಯಾಸ ಸೇರಿ ಹತ್ತನೇ ಪುಟಕ್ಕೆ ಮುಖವೇ ಬೇರೆಯಾಗುತ್ತದೆ.

ಹಾಗಾದರೆ ಹಳೆಯ ಮಾತು ಸುಳ್ಳಾಗಿದ್ದು ಯಾವಾಗ?

2019ರಲ್ಲಿ 'ದಿಸ್ ಪರ್ಸನ್ ಡಸ್ ನಾಟ್ ಎಕ್ಸಿಸ್ಟ್' ಎಂಬ ಜಾಲತಾಣ ಸುದ್ದಿಯಾಯಿತು. ಪುಟವನ್ನು ರಿಫ್ರೆಶ್ ಮಾಡಿದಷ್ಟೂ ಜಗತ್ತಿನಲ್ಲಿ ಇಲ್ಲದ ಹೊಸ ಹೊಸ ಮುಖಗಳು ಬರುತ್ತಿದ್ದವು. ಆದರೆ ಒಂದು ಮುಖಕ್ಕೆ ಸಿಗುತ್ತಿದ್ದುದು ಒಂದೇ ಫೋಟೊ. ಅದೇ ಮುಖವನ್ನು ಮದುವೆ ಮನೆಯಲ್ಲೋ ದೇವಸ್ಥಾನದ ಮುಂದೆಯೋ ನಿಲ್ಲಿಸಲು ಆ ಪುಟದಲ್ಲಿ ದಾರಿ ಇರಲಿಲ್ಲ. "ಇನ್ನೊಂದು ಫೋಟೊ ಕೇಳಿ ನೋಡಿ" ಎಂಬ ಸಲಹೆಗೆ ಆಗ ಅರ್ಥವಿತ್ತು.

2023ರಲ್ಲಿ ಸ್ಪೇನ್‌ನ ಬಾರ್ಸಿಲೋನಾದ ಒಂದು ಏಜೆನ್ಸಿ ಗುಲಾಬಿ ಕೂದಲಿನ 'ಐತಾನಾ ಲೋಪೆಜ್' ಎಂಬ ಮಾಡೆಲ್ ಅನ್ನು ಪರಿಚಯಿಸಿತು. ಅದೇ ಮುಖದಲ್ಲಿ ಫೋಟೊ ಮೇಲೆ ಫೋಟೊ ಬಂದವು, ಇನ್‌ಸ್ಟಾಗ್ರಾಮ್‌ನಲ್ಲಿ ಲಕ್ಷಗಟ್ಟಲೆ ಹಿಂಬಾಲಕರೂ ಸೇರಿದರು. ಅಂಥ ಹೆಣ್ಣೇ ಇಲ್ಲ! ಎಐ ಎಂದು ಆ ಏಜೆನ್ಸಿ ಬಹಿರಂಗವಾಗಿ ಹೇಳಿಕೊಂಡಿದೆ. ಮೋಸ ಮಾಡುವವರು ಹಾಗೆ ಹೇಳುವುದಿಲ್ಲ.

ಫಾರ್ವರ್ಡ್ ಬಂದಾಗ ಏನು ಮಾಡಬೇಕು?

"ಈ ಮಗುವಿನ ಆಪರೇಷನ್‌ಗೆ ಹಣ ಬೇಕು" ಎಂದು ಆಸ್ಪತ್ರೆಯ ಹಾಸಿಗೆ, ಮನೆ, ತಾಯಿಯ ತೊಡೆ ಎಂದು ನಾಲ್ಕು ಫೋಟೊ ಬಂದಿವೆ ಎನ್ನಿ. ಮುಖ ಒಂದೇ ಇದೆ ಎಂಬುದು ಸಾಕ್ಷಿಯಲ್ಲ. ಎಐಗೆ ಮುಖಕ್ಕಿಂತ ಸುತ್ತಲಿನ ಸಣ್ಣ ವಿವರ ಕೈತಪ್ಪುವುದು ಹೆಚ್ಚು. ಬಳೆಗಳ ಸಂಖ್ಯೆ, ಓಲೆಯ ಆಕಾರ, ಸೀರೆಯ ಅಂಚು, ಗೋಡೆಯ ಮೇಲಿನ ಬರಹ ಹೋಲಿಸಿ ನೋಡಿ. ಮಚ್ಚೆ ಎಡಬಲ ಬದಲಾಗಿದ್ದರೆ ತಕ್ಷಣ ತೀರ್ಮಾನಕ್ಕೆ ಬರಬೇಡಿ, ಸೆಲ್ಫಿಯಲ್ಲೂ ಕನ್ನಡಿಯಂತೆ ತಿರುಗುಮುರುಗು ಆಗುವುದುಂಟು. ತಪ್ಪು ಸಿಕ್ಕರೆ ಅನುಮಾನಿಸಿ. ಸಿಗದಿದ್ದರೆ ನಿಜವೆಂದು ಮುದ್ರೆ ಒತ್ತಬೇಡಿ.

ಗೂಗಲ್ ತನ್ನ ಎಐ ಚಿತ್ರಗಳಲ್ಲಿ ಕಣ್ಣಿಗೆ ಕಾಣದ 'ಸಿಂಥ್‌ಐಡಿ' ಗುರುತು ಹಾಕುತ್ತದೆ. ಆದರೆ ಬೇರೆ ಸಾಧನದಲ್ಲಿ ಮಾಡಿದ ಚಿತ್ರದಲ್ಲಿ ಆ ಗುರುತು ಇಲ್ಲದಿರಬಹುದು. ಹಾಗೆಯೇ ಚಿತ್ರ ಹುಡುಕಾಟದಲ್ಲಿ ಏನೂ ಸಿಗಲಿಲ್ಲ ಎಂದರೆ ಚಿತ್ರ ಅಸಲಿ ಎಂದರ್ಥವಲ್ಲ. ಹೊಸದಾಗಿ ಹುಟ್ಟಿದ ಎಐ ಚಿತ್ರ ಬೇರೆಲ್ಲೂ ಇರುವುದೇ ಇಲ್ಲ.

ಆದ್ದರಿಂದ ಫೋಟೊ ಬಿಟ್ಟು ಸುದ್ದಿಯನ್ನು ಪರೀಕ್ಷಿಸಿ. ಯಾವ ಆಸ್ಪತ್ರೆ ಎಂದು ಕೇಳಿ. ಸಂದೇಶದಲ್ಲಿರುವ ನಂಬರಿಗಲ್ಲ, ಆಸ್ಪತ್ರೆಯ ಸ್ವಂತ ಜಾಲತಾಣದಲ್ಲಿರುವ ನಂಬರಿಗೆ ಕರೆ ಮಾಡಿ. ಹಣ ಕಳಿಸಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಇನ್ನೊಂದು ಮಾತು. ಮುಖ ಕಲಿಸಲು ನಾಲ್ಕೈದು ಫೋಟೊ ಸಾಕಾದರೆ, ನಿಮ್ಮ ಮಗುವಿನ ಎಷ್ಟು ಫೋಟೊಗಳು ಎಲ್ಲರಿಗೂ ಕಾಣುವಂತೆ ಇವೆ? ಪ್ರೊಫೈಲ್ ಅನ್ನು ಪರಿಚಿತರಿಗಷ್ಟೇ ಕಾಣುವಂತೆ ಮಾಡಿ. ಬೇರೆಯವರ ಮಕ್ಕಳ ಫೋಟೊವನ್ನು ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಎಐಗೆ ಹಾಕಬೇಡಿ.

ತೀರ್ಮಾನ: "ಹಲವು ಫೋಟೊಗಳಲ್ಲಿ ಒಂದೇ ಮುಖ ಇದ್ದರೆ ಆ ವ್ಯಕ್ತಿ ನಿಜ" ಎಂಬುದು ಸುಳ್ಳು. ಎಐಗೆ ಮುಖ ತಾನಾಗಿ ನೆನಪಿರುವುದಿಲ್ಲ, ಆದರೆ ನೆನಪಿಸುವ ದಾರಿಗಳು ಈಗ ಎಲ್ಲರ ಮೊಬೈಲಿನಲ್ಲೂ ಇವೆ.