ಕೇಳದೆ ಉಳಿದ ಒಂದು ಪ್ರಶ್ನೆ

ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ 2011ರ ಮಾರ್ಚ್ 22ರಂದು ಬೆಂಗಳೂರಿನಲ್ಲಿದ್ದರು. ತಮ್ಮ ಬರ್ಕ್‌ಷೈರ್ ಹ್ಯಾಥವೇ ಸಮೂಹಕ್ಕೆ ಸೇರಿದ ಟೇಗುಟೆಕ್ ಕಾರ್ಖಾನೆಗೆ ಭೇಟಿ ಕೊಡಲು ಬಂದಿದ್ದ ಅವರು ತಮ್ಮೊಡನೆ ಒಂದು ಚಿಂತೆಯನ್ನೂ ಹೊತ್ತು ತಂದಿದ್ದರು ಎಂಬುದು ಅವರನ್ನು ನೋಡಲು ನೆರೆದವರಿಗೆ ತಿಳಿದಿರಲಿಲ್ಲ. ಆರೇ ದಿನಗಳಲ್ಲಿ, ಬಫೆಟ್ ಉತ್ತರಾಧಿಕಾರಿ ಎಂದೇ ಹಲವರು ಎಣಿಸಿದ್ದ ಡೇವಿಡ್ ಸೊಕೊಲ್ ರಾಜೀನಾಮೆ ಪತ್ರ ಕಳುಹಿಸಿದರು.

ಸೊಕೊಲ್ ಸಾಮಾನ್ಯ ಅಧಿಕಾರಿಯಲ್ಲ. ಸಮೂಹದ ವಿದ್ಯುತ್ ಕಂಪನಿಯ ಅಧ್ಯಕ್ಷರಾಗಿದ್ದರು; ನಷ್ಟದಲ್ಲಿದ್ದ ನೆಟ್‌ಜೆಟ್ಸ್ ಎಂಬ ವಿಮಾನ ಸಂಸ್ಥೆಯನ್ನು ಲಾಭಕ್ಕೆ ತಂದಿದ್ದರು. ಇಂಥವರು ಹೊರಹೋಗಲು ಕಾರಣವಾದದ್ದೇನು?

ಕಥೆ ಆರಂಭವಾಗುವುದು 2010ರ ಡಿಸೆಂಬರ್‌ನಲ್ಲಿ. ಬರ್ಕ್‌ಷೈರ್ ಕೊಳ್ಳಬಹುದಾದ ಕಂಪನಿಗಳನ್ನು ಹುಡುಕುತ್ತಿದ್ದ ಸೊಕೊಲ್ ಅವರ ಮುಂದೆ ಸಿಟಿಗ್ರೂಪ್‌ನ ಬ್ಯಾಂಕರುಗಳು 18 ರಾಸಾಯನಿಕ ಕಂಪನಿಗಳ ಪಟ್ಟಿ ಇಟ್ಟರು. ಅವರ ಕಣ್ಣು ಲುಬ್ರಿಜಾಲ್ ಮೇಲೆ ಬಿತ್ತು. ಎಂಜಿನ್ ತೈಲಕ್ಕೆ ಬೆರೆಸುವ ರಾಸಾಯನಿಕಗಳನ್ನು ತಯಾರಿಸುವ ಕಂಪನಿ ಅದು. ಡಿಸೆಂಬರ್ 14ರಂದು ಅದರ 2,300 ಷೇರುಗಳನ್ನು ಕೊಂಡು, ಒಂದು ವಾರದಲ್ಲಿ ಮಾರಿದರು. ಮತ್ತೆ ಜನವರಿ 5, 6, 7ರಂದು 96,060 ಷೇರುಗಳನ್ನು ಖರೀದಿಸಿದರು. ಬೆಲೆ ಸುಮಾರು 1 ಕೋಟಿ ಡಾಲರ್.

ಮರುವಾರವೇ ಅವರು ಲುಬ್ರಿಜಾಲನ್ನು ಕೊಳ್ಳೋಣವೆಂದು ಬಫೆಟ್‌ಗೆ ಸೂಚಿಸಿದರು. ಬಫೆಟ್ ಮೊದಲು ಉತ್ಸಾಹ ತೋರಲಿಲ್ಲ, ಬಳಿಕ ಒಪ್ಪಿದರು. ಮಾರ್ಚ್ 14ರಂದು ಷೇರಿಗೆ 135 ಡಾಲರ್‌ನಂತೆ, ಸುಮಾರು 900 ಕೋಟಿ ಡಾಲರ್‌ಗಳ ಖರೀದಿ ಪ್ರಕಟವಾಯಿತು. ಸೊಕೊಲ್ ಪಾಲಿಗೆ ಬಂದ ಲಾಭ ಸುಮಾರು 30 ಲಕ್ಷ ಡಾಲರ್.

ತಮ್ಮ ಬಳಿ ಆ ಷೇರುಗಳಿವೆ ಎಂದು ಸೊಕೊಲ್ ಹೇಳಿಯೇ ಇರಲಿಲ್ಲ ಎನ್ನುವಂತಿಲ್ಲ. ಹೇಳಿದ್ದರು, ಮಾತಿನ ನಡುವೆ, ಬಿಡುಬೀಸಾಗಿ. ಯಾವಾಗ ಕೊಂಡಿರಿ ಎಂದು ಬಫೆಟ್ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಬೇಕಿತ್ತು, ಕೇಳದಿದ್ದುದು ತಮ್ಮ ತಪ್ಪು ಎಂದು ಅವರೇ ಆಮೇಲೆ ಒಪ್ಪಿಕೊಂಡರು. ಖರೀದಿಯ ದಿನಾಂಕಗಳು ಅವರಿಗೆ ತಿಳಿದದ್ದು ಏಷ್ಯಾ ಪ್ರವಾಸಕ್ಕೆ ಹೊರಡುವ ಕೆಲವೇ ಸಮಯದ ಮುಂಚೆ.

ಮಾರ್ಚ್ 30ರಂದು ರಾಜೀನಾಮೆ ಪ್ರಕಟಿಸುವಾಗ ಬಫೆಟ್ ಸೊಕೊಲ್ ಅವರನ್ನು ಹೊಗಳಿ, ಅವರು ಕಾನೂನು ಮೀರಿಲ್ಲ ಎಂದೇ ಬರೆದರು. ಆದರೆ ಏಪ್ರಿಲ್ ಕೊನೆಯಲ್ಲಿ ಕಂಪನಿಯ ಲೆಕ್ಕ ಪರಿಶೋಧನಾ ಸಮಿತಿ, ಸೊಕೊಲ್ ಸಂಸ್ಥೆಯ ನಿಯಮ ಮುರಿದಿದ್ದಾರೆಂದು ವರದಿ ಕೊಟ್ಟಿತು. ಷೇರುದಾರರ ವಾರ್ಷಿಕ ಸಭೆಯಲ್ಲಿ ಬಫೆಟ್ ಅವರೂ ಈ ವರ್ತನೆ ಕ್ಷಮಿಸುವಂಥದ್ದಲ್ಲ ಎಂದರು. ಕಂಪನಿಗೆ ಹಣ ನಷ್ಟವಾದರೆ ಸಹಿಸುತ್ತೇನೆ, ಹೆಸರಿಗೆ ಚೂರು ಮಸಿ ಬಿದ್ದರೂ ಸಹಿಸುವುದಿಲ್ಲ ಎಂದು 1991ರಲ್ಲಿ ಸಾಲೊಮನ್ ಸಂಸ್ಥೆಯ ಹಗರಣದ ವೇಳೆ ಅಮೆರಿಕದ ಸಂಸತ್ತಿನ ಮುಂದೆ ಹೇಳಿದ್ದವರು ಅವರು.

ಸೊಕೊಲ್ ವಾದವೂ ಇದೆ. ಖರೀದಿಯ ನಿರ್ಧಾರ ತಮ್ಮ ಕೈಯಲ್ಲಿರಲಿಲ್ಲ, ಬಫೆಟ್ ಒಪ್ಪುತ್ತಾರೆಂಬ ಖಾತರಿಯೂ ಇರಲಿಲ್ಲ ಎಂಬುದು ಅವರ ನಿಲುವು. ಷೇರುಪೇಟೆ ನಿಯಂತ್ರಕರು ತಮ್ಮ ಕಕ್ಷಿದಾರರ ಮೇಲೆ ಕ್ರಮ ಕೈಗೊಳ್ಳುವುದಿಲ್ಲವೆಂದು 2013ರ ಆರಂಭದಲ್ಲಿ ಅವರ ವಕೀಲರು ತಿಳಿಸಿದರು.

ಹಾಗಾದರೆ ತಪ್ಪೆಲ್ಲಿ? ಮನೆತನಕ್ಕಾಗಿ ಹೊಲ ನೋಡಲು ಹೋದವನು ಮೊದಲು ಅದರ ಮೂಲೆಯೊಂದನ್ನು ಸದ್ದಿಲ್ಲದೆ ತನ್ನ ಹೆಸರಿಗೆ ಬರೆಸಿಕೊಂಡು, ಆಮೇಲೆ ಆ ಹೊಲವನ್ನೇ ಕೊಳ್ಳಿ ಎಂದು ಯಜಮಾನನಿಗೆ ಹೇಳಿದರೆ ಹೇಗೆ? ಸಲಹೆ ಒಳ್ಳೆಯದೇ ಇರಬಹುದು. ಆದರೆ ಅದು ಯಾರ ಒಳಿತಿಗೆ ಕೊಟ್ಟ ಸಲಹೆ ಎಂಬ ಅನುಮಾನ ಮಾತ್ರ ಅಳಿಯುವುದಿಲ್ಲ. ಹಿತಾಸಕ್ತಿ ಸಂಘರ್ಷ ಎಂದರೆ ಇದೇ.

ಭಾರತದಲ್ಲಿಯೂ ಒಳಮಾಹಿತಿಯ ವಹಿವಾಟು ತಡೆಯಲು ಸೆಬಿ 1992ರಲ್ಲಿ ನಿಯಮ ರೂಪಿಸಿತು. 2015ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂತು. ಕಂಪನಿಯ ಒಳಗುಟ್ಟು ಬಲ್ಲ ಅಧಿಕಾರಿಗಳು ನಿಗದಿತ ಮಿತಿ ಮೀರಿದ ಷೇರು ವಹಿವಾಟಿಗೆ ಮೊದಲೇ ಅನುಮತಿ ಪಡೆಯಬೇಕು. ಬಫೆಟ್ ಬಾಯಲ್ಲಿ ಬಾರದೆ ಹೋದ ಪ್ರಶ್ನೆಯನ್ನು ನಿಯಮವೇ ಕೇಳುವ ಏರ್ಪಾಡು ಇದು. ನಂಬಿಕೆ ದೊಡ್ಡದು, ನಿಜ. ನಂಬಿದವರನ್ನೂ ಒಮ್ಮೆ ಕೇಳಿ ನೋಡುವುದರಿಂದ ಅದು ಕುಂದುವುದಿಲ್ಲ.