ದೇವರ ಮಾತು ಬದಲಾದದ್ದು ಹೇಗೆ?

ಧರ್ಮ ಬದಲಾಗೋದಿಲ್ಲ, ಶಾಸ್ತ್ರ ಬದಲಾಗೋದಿಲ್ಲ, ನೀವೇ ಹೊಂದಿಕೊಂಡು ಹೋಗಬೇಕು. ಈ ಮಾತನ್ನು ನಮ್ಮ ಕೇರಿಗಳು ತಲೆತಲಾಂತರದಿಂದ ಕೇಳಿಕೊಂಡು ಬಂದಿವೆ. ಗುಡಿಯ ಬಾಗಿಲಲ್ಲಿ ಕೇಳಿದ್ದೇವೆ, ತೇರಿನ ಮುಂದೆ ಕೇಳಿದ್ದೇವೆ, ಊರ ಬಾವಿಯ ಹತ್ತಿರ ಕೇಳಿದ್ದೇವೆ. ಹೀಗೆ ಹೇಳುವವರಿಗೆ ಉತ್ತರ ಕೊಡಬೇಕಾದರೆ ಚರಿತ್ರೆ ಬೇಕು. ನಮ್ಮ ಚರಿತ್ರೆಯೊಂದೇ ಸಾಲದು. ಬೇರೆ ದೇಶಗಳಲ್ಲಿ ದೇವರ ಹೆಸರಿನಲ್ಲಿ ಹೊರಗೆ ನಿಂತವರ ಚರಿತ್ರೆಯೂ ಬೇಕು. ಅಮೆರಿಕದ ಮಾರ್ಮನ್ ಪಂಥದ ಕಥೆಯನ್ನು ನಾವು ಇಲ್ಲಿ ಹೇಳುತ್ತಿರುವುದು ಅದಕ್ಕಾಗಿ.

ಇದು ನಮಗೆ ಸಂಬಂಧವಿಲ್ಲದ ದೂರದ ಕಥೆ ಅಂತ ಯಾರೂ ಪುಟ ತಿರುಗಿಸಬಾರದು. ಮಾರ್ಮನ್ ಪ್ರಚಾರಕರು 1851ರಲ್ಲೇ ಕಲ್ಕತ್ತೆಗೆ, 1853ರಲ್ಲಿ ಮದ್ರಾಸಿಗೆ ಬಂದಿದ್ದರು. ಆಗ ಸೇರಿ ಉಳಿದವರು ಕಡಿಮೆ ಜನ. 1993ರಲ್ಲಿ ಬೆಂಗಳೂರನ್ನೇ ಕೇಂದ್ರ ಮಾಡಿಕೊಂಡು ಈ ಪಂಥದ ಭಾರತ ಮಿಷನ್ ಶುರುವಾಯಿತು. 2018ರ ಏಪ್ರಿಲ್‌ನಲ್ಲಿ, ಭಾರತದ ಮೊದಲ ಮಾರ್ಮನ್ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುತ್ತೇವೆ ಎಂದು ಸಾರಿದರು. 2020ರ ಡಿಸೆಂಬರ್ 2ರಂದು ಅದಕ್ಕೆ ಗುದ್ದಲಿ ಬಿತ್ತು. ಗೌರಿಬಿದನೂರಿನಿಂದ ರೈಲು ಹತ್ತಿದರೆ ಬೆಂಗಳೂರು ಎಷ್ಟು ದೂರ? ನಮ್ಮ ಹುಡುಗರು ಕೆಲಸ ಹುಡುಕಿ ಹೋಗುವ ಊರಿಗೇ ಈ ಧರ್ಮವೂ ಬಂದು ಕೂತಿದೆ.

ಪಂಥ ಹುಟ್ಟಿದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಹುಟ್ಟಿಸಿದವನು ಜೋಸೆಫ್ ಸ್ಮಿತ್, ಬಡ ಒಕ್ಕಲು ಮನೆಯ ಮಗ. ಚಿನ್ನದ ಫಲಕಗಳ ಮೇಲಿದ್ದ ಬರಹವನ್ನು ದೇವರ ಸಹಾಯದಿಂದ ಓದಿದೆ ಎಂದು ಹೇಳಿ 'ಮಾರ್ಮನ್ ಗ್ರಂಥ'ವನ್ನು ಅಚ್ಚು ಹಾಕಿಸಿದ. ಸುತ್ತಲಿನವರು ಇವರನ್ನು ಊರಿಂದೂರಿಗೆ ಅಟ್ಟಿದರು. 1844ರಲ್ಲಿ ಜೈಲಿನಲ್ಲಿದ್ದ ಸ್ಮಿತ್‌ನನ್ನು ಗುಂಪು ನುಗ್ಗಿ ಕೊಂದಿತು. ಅವನ ನಂತರ ಬ್ರಿಗಮ್ ಯಂಗ್ ಎಂಬವನು ಜನರನ್ನು ಕಟ್ಟಿಕೊಂಡು 1847ರಲ್ಲಿ ಪಶ್ಚಿಮದ ಉಪ್ಪುಕೆರೆಯ ಬಯಲಿಗೆ ಹೋಗಿ ನೆಲೆಯೂರಿದ. ಅದೇ ಇವತ್ತಿನ ಯೂಟಾ.

ಏಟು ತಿಂದವರು ಇನ್ನೊಬ್ಬರ ಏಟಿನ ನೋವು ತಿಳಿಯಬೇಕಲ್ಲವೇ? ಚರಿತ್ರೆಯಲ್ಲಿ ಹಾಗೆ ಆಗೋದು ಕಡಿಮೆ. 1852ರಲ್ಲಿ ಬ್ರಿಗಮ್ ಯಂಗ್ ಯೂಟಾದ ಶಾಸನಸಭೆಯ ಮುಂದೆ ನಿಂತು, ಆಫ್ರಿಕಾ ಮೂಲದ ಗಂಡಸರಿಗೆ ಯಾಜಕ ಪದವಿ ಇಲ್ಲ ಎಂದು ಸಾರಿದ. ಅದೇ ವರ್ಷ ಅಲ್ಲಿ ಗುಲಾಮಗಿರಿಗೂ ಕಾನೂನಿನ ಒಪ್ಪಿಗೆ ಸಿಕ್ಕಿತು. ಧರ್ಮದ ಕಟ್ಟಳೆಯೂ ಗುಲಾಮರ ಕಾನೂನೂ ಒಂದೇ ಸಭೆಯಲ್ಲಿ, ಒಂದೇ ವರ್ಷದಲ್ಲಿ ಬಂದವು ಎಂಬುದನ್ನು ನಾವು ಮರೆಯಬಾರದು.

ಈ ಪಂಥದಲ್ಲಿ ಪೂಜಾರಿಗಳ ಬೇರೆ ಜಾತಿ ಇಲ್ಲ. ಯೋಗ್ಯ ಎನಿಸಿದ ಪ್ರತಿಯೊಬ್ಬ ಗಂಡಸಿಗೂ, ಹನ್ನೆರಡರ ಆಸುಪಾಸಿನ ಹುಡುಗನಿಗೂ, ಯಾಜಕ ಪದವಿ ಉಂಟು. ಹಾಗಿರುವಾಗ ಒಬ್ಬನಿಗೆ ಅದನ್ನು ಇಲ್ಲ ಅನ್ನೋದು ಎಂದರೆ ಅವನನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಕಪ್ಪು ಜನ ದೀಕ್ಷಾಸ್ನಾನ ಪಡೆಯಬಹುದು, ಆದಾಯದ ಹತ್ತನೇ ಒಂದು ಪಾಲು ಕಾಣಿಕೆ ಕೊಡಬಹುದು. ಆದರೆ ದೇವಾಲಯದೊಳಗೆ ನಡೆಯುವ ಮುಖ್ಯ ಸಂಸ್ಕಾರಗಳು ಕಪ್ಪು ಗಂಡಸಿಗೂ ಇಲ್ಲ, ಕಪ್ಪು ಹೆಂಗಸಿಗೂ ಇಲ್ಲ. ದುಡಿಮೆಗೆ ಬೇಕು, ಗರ್ಭಗುಡಿಗೆ ಬೇಡ. ಈ ಲೆಕ್ಕ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಕೊಟ್ಟ ಕಾರಣ ಇನ್ನೂ ಗಮನಿಸಬೇಕಾದದ್ದು. ತಮ್ಮನನ್ನು ಕೊಂದ ಕಾಯಿನನ ಶಾಪ ಇವರ ಮೇಲಿದೆ ಎಂದರು. ಅದು ಸಾಲದಾದಾಗ ಇನ್ನೊಂದು ಕಥೆ ಹೊಸೆದರು. ಹುಟ್ಟುವುದಕ್ಕೆ ಮುಂಚೆ ಆತ್ಮಗಳು ದೇವರ ಬಳಿ ಇದ್ದವು, ಅಲ್ಲಿ ನಿಷ್ಠೆ ಸಾಲದೇ ಹೋದವರು ಇಲ್ಲಿ ಕಪ್ಪು ಚರ್ಮದಲ್ಲಿ ಹುಟ್ಟಿದರು ಅಂತ. ಸಾವಿರಾರು ಮೈಲಿ ಆಚೆ, ಮನುಸ್ಮೃತಿಯ ಗಾಳಿ ಸೋಕದ ನಾಡಿನಲ್ಲಿ, ಪೂರ್ವಜನ್ಮದ ಪಾಪ ಎಂಬ ನಮ್ಮ ಪುರೋಹಿತರ ಸರಕೇ ತಯಾರಾಯಿತು! ಯಜಮಾನಿಕೆಗೆ ಸಮರ್ಥನೆ ಬೇಕಾದಾಗ, ಯಾರೂ ನೋಡದ, ಯಾರೂ ಪ್ರಶ್ನಿಸಲಾಗದ ಒಂದು ಹಿಂದಿನ ಕಾಲವನ್ನು ಹುಡುಕಿಕೊಳ್ಳುತ್ತಾರೆ.

ಹೊರಗೆ ನಿಂತವರು ಸುಮ್ಮನಿರಲಿಲ್ಲ. ಇಲೈಜಾ ಏಬಲ್ ಎಂಬ ಕಪ್ಪು ಮನುಷ್ಯನಿಗೆ 1836ರಲ್ಲೇ, ಸ್ಮಿತ್ ಬದುಕಿದ್ದಾಗಲೇ, ಯಾಜಕ ಪದವಿ ಸಿಕ್ಕಿತ್ತು. ಆಮೇಲೆ ಅವನು ದೇವಾಲಯದ ಸಂಸ್ಕಾರ ಕೊಡಿ ಎಂದು ಮತ್ತೆ ಮತ್ತೆ ಕೇಳಿದ. ಕೊಡಲಿಲ್ಲ. 1884ರಲ್ಲಿ ತೀರಿಕೊಂಡ. ಜೇನ್ ಮ್ಯಾನಿಂಗ್ ಎಂಬ ಕಪ್ಪು ಹೆಂಗಸು 1843ರಲ್ಲಿ, ಮನೆಮಂದಿಯನ್ನೆಲ್ಲ ಕರೆದುಕೊಂಡು, ಸುಮಾರು 800 ಮೈಲಿ ನಡೆದು ಸ್ಮಿತ್‌ನ ಊರು ಸೇರಿದಳು. ಕಾಲು ಒಡೆದು ನೆಲದ ಮೇಲೆ ರಕ್ತದ ಹೆಜ್ಜೆ ಬೀಳುತ್ತಿತ್ತು ಎಂದು ಅವಳೇ ನೆನಪಿಸಿಕೊಂಡಿದ್ದಾಳೆ. ಸ್ಮಿತ್‌ನ ಮನೆಯಲ್ಲಿ ಕೆಲಸ ಮಾಡಿದಳು, 1847ರಲ್ಲಿ ಯೂಟಾಕ್ಕೂ ಹೋದಳು. ಮುದುಕಿಯಾಗುವ ತನಕ ಅರ್ಜಿ ಹಾಕುತ್ತಲೇ ಇದ್ದಳು. ಕೊನೆಗೆ 1894ರಲ್ಲಿ ಮುಖ್ಯಸ್ಥರು ಒಂದು ದಾರಿ ಹುಡುಕಿದರು. ಪರಲೋಕದಲ್ಲೂ ಸ್ಮಿತ್‌ನ ಮನೆಗೆ ಸೇವಕಿಯಾಗಿ ಅವಳನ್ನು ಸೇರಿಸುವ ವಿಧಿ ನಡೆಸಿದರು. ಅವಳು ಬದುಕಿದ್ದಾಳೆ, ಅದೇ ಊರಿನಲ್ಲಿದ್ದಾಳೆ. ಆದರೂ ಒಳಗೆ ಬಿಡಲಿಲ್ಲ. ಅವಳ ಬದಲು ಬಿಳಿ ಹೆಂಗಸೊಬ್ಬಳು ನಿಂತಳು. ಸತ್ತ ಮೇಲೂ ಜೀತ! ಜೇನ್ ಅದಕ್ಕೂ ತೃಪ್ತಳಾಗದೆ ಮತ್ತೆ ಅರ್ಜಿ ಹಾಕಿದಳು. 1908ರಲ್ಲಿ ತೀರಿಕೊಂಡಳು.

ಹಾಗಾದರೆ ಈ ಕಟ್ಟಳೆ ಮುರಿದದ್ದು ಹೇಗೆ? ನಾಲ್ಕು ದಿಕ್ಕಿನಿಂದ ಒತ್ತಡ ಬಂತು. ಒಂದು, ಅಮೆರಿಕದ ಕಪ್ಪು ಜನರ ಹೋರಾಟ. 1969ರಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ 14 ಮಂದಿ ಕಪ್ಪು ಆಟಗಾರರು, ಮಾರ್ಮನ್ ವಿಶ್ವವಿದ್ಯಾಲಯದ ವಿರುದ್ಧದ ಫುಟ್‌ಬಾಲ್ ಪಂದ್ಯದಲ್ಲಿ ತೋಳಿಗೆ ಕಪ್ಪುಪಟ್ಟಿ ಕಟ್ಟುತ್ತೇವೆ ಅಂದರು. ಅಷ್ಟಕ್ಕೇ ಅವರನ್ನು ತಂಡದಿಂದ ಕಿತ್ತು ಹಾಕಿದರು. ಎರಡು, ಆಫ್ರಿಕಾ. ನೈಜೀರಿಯಾ, ಘಾನಾಗಳಲ್ಲಿ ಪುಸ್ತಕ ಓದಿದ ಜನ ಯಾರೂ ಹೇಳಿಕೊಡದೆ ತಾವೇ ಸಭೆಗಳನ್ನು ಕಟ್ಟಿಕೊಂಡು, ನಮಗೆ ದೀಕ್ಷೆ ಕೊಡಿ ಎಂದು ಕಾಗದ ಬರೆಯುತ್ತಿದ್ದರು. ಇದೇ ಪಂಥ ಕಪ್ಪು ಜನರನ್ನು ಹೇಗೆ ಕಾಣುತ್ತದೆ ಎಂಬುದು 1963ರಲ್ಲಿ ನೈಜೀರಿಯಾದ ಪತ್ರಿಕೆಯಲ್ಲಿ ಬಂದ ಮೇಲೆ ಪ್ರಚಾರಕರಿಗೆ ವೀಸಾ ಸಿಗುವುದೇ ಕಷ್ಟವಾಯಿತು. ಮೂರು, ಬ್ರೆಜಿಲ್. 1975ರಲ್ಲಿ ಸಾವೊ ಪಾಲೊದಲ್ಲಿ ದೇವಾಲಯ ಕಟ್ಟುವುದಾಗಿ ಸಾರಿದರು. ನೂರಾರು ವರ್ಷ ರಕ್ತ ಬೆರೆತುಹೋದ ಆ ನಾಡಿನಲ್ಲಿ ಯಾರನ್ನು ಕಪ್ಪು ಅಂತ ಬಾಗಿಲಲ್ಲಿ ತಡೆಯೋದು?

ನಾಲ್ಕನೆಯದು ನಮ್ಮಂಥವರಿಗೆ ಹತ್ತಿರದ್ದು. 1973ರಲ್ಲಿ 'ಡೈಲಾಗ್' ಎಂಬ, ಮಾರ್ಮನ್ ಓದುಗರದೇ ಆದ ಸ್ವತಂತ್ರ ಪತ್ರಿಕೆಯಲ್ಲಿ ಲೆಸ್ಟರ್ ಬುಷ್ ಎಂಬ ವೈದ್ಯ ಒಂದು ಚರಿತ್ರೆಯ ಲೇಖನ ಬರೆದ. ಅವನೂ ಅದೇ ಪಂಥದವನು. ಹಳೆಯ ಕಡತ, ಸಭೆಯ ನಡಾವಳಿ ಎಲ್ಲ ಕೂಡಿಸಿ ನೋಡಿದ. ಈ ನಿಷೇಧವನ್ನು ಸ್ಮಿತ್ ತಂದ ಎನ್ನುವುದಕ್ಕೆ ಆಧಾರವಿಲ್ಲ, ಬ್ರಿಗಮ್ ಯಂಗ್‌ನ ಕಾಲದಿಂದ ಇದರ ಜಾಡು ಸಿಗುತ್ತದೆ ಎಂದು ತೋರಿಸಿದ. ಅನಾದಿ ಎಂದುಕೊಂಡಿದ್ದಕ್ಕೆ ತಾರೀಖು ಸಿಕ್ಕಿತು. ತಾರೀಖು ಇದ್ದದ್ದಕ್ಕೆ ಕೊನೆಯೂ ಇರಲೇಬೇಕು. ಸಣ್ಣ ಪತ್ರಿಕೆಗಳಿಂದ ಏನಾಗುತ್ತೆ ಅಂತ ಕೇಳುವವರು ಇದನ್ನು ನೆನಪಿಡಲಿ.

1978ರ ಜೂನ್ 9ರಂದು ಅಂದಿನ ಅಧ್ಯಕ್ಷ ಸ್ಪೆನ್ಸರ್ ಕಿಂಬಾಲ್ ಕಡೆಯಿಂದ ಪ್ರಕಟಣೆ ಬಂತು. ಇನ್ನು ಮುಂದೆ ಯೋಗ್ಯನಾದ ಪ್ರತಿ ಗಂಡಸಿಗೂ ಯಾಜಕ ಪದವಿ ಉಂಟು, ದೇವರು ತಿಳಿಸಿದ್ದಾನೆ ಅಂತ. ಅದೇ ವರ್ಷದ ಕೊನೆಗೆ ಸಾವೊ ಪಾಲೊದ ದೇವಾಲಯ ತೆರೆಯಿತು, ನೈಜೀರಿಯಾದಲ್ಲಿ ದೀಕ್ಷಾಸ್ನಾನಗಳು ನಡೆದವು. 1979ರಲ್ಲಿ, ಸತ್ತು ಎಪ್ಪತ್ತು ವರ್ಷ ಕಳೆದ ಮೇಲೆ, ಜೇನ್ ಹೆಸರಿನಲ್ಲಿ ದೇವಾಲಯದ ಸಂಸ್ಕಾರ ನಡೆಯಿತು.

ಸಂತೋಷದ ಸಂಗತಿಯೇ. ಸಾವಿರಾರು ಜನ ಆ ದಿನ ಅತ್ತರು, ಆ ಅಳುವನ್ನು ನಾವು ಹಗುರ ಮಾಡೋದಿಲ್ಲ. ಆದರೆ ಪ್ರಕಟಣೆಯನ್ನು ಓದಿ ನೋಡಿ: ದೇವರು ಮಾತಾಡಿದ ಎಂದಿದೆ, ನಾವು ತಪ್ಪು ಮಾಡಿದೆವು ಎಂದಿಲ್ಲ. ಹಳೆಯ ಶಾಪದ ಕಥೆ, ಹಿಂದಿನ ಲೋಕದ ನಿಷ್ಠೆಯ ಕಥೆಗಳನ್ನು ತಾವು ಈಗ ಒಪ್ಪುವುದಿಲ್ಲ ಎಂದು ಸಂಸ್ಥೆ ಅಧಿಕೃತವಾಗಿ ವಿವರಿಸಿ ಬರೆದದ್ದು 2013ರಲ್ಲಿ. 35 ವರ್ಷ! ಅಷ್ಟು ಕಾಲ ಆ ಕಥೆಗಳು ಮನೆಮನೆಯಲ್ಲಿ ಉಳಿದುಕೊಂಡಿದ್ದವು. ಯಾಜಕ ಪದವಿ ಹೆಂಗಸರಿಗೆ ಇವತ್ತಿಗೂ ಇಲ್ಲ. ಸಮಾನ ಹಕ್ಕಿನ ತಿದ್ದುಪಡಿಯ ಪರ ಮಾತಾಡಿದ ಸೋನಿಯಾ ಜಾನ್ಸನ್‌ಗೆ 1979ರಲ್ಲಿ, ಹೆಂಗಸರಿಗೂ ಪದವಿ ಕೊಡಿ ಎಂದ ಕೇಟ್ ಕೆಲ್ಲಿಗೆ 2014ರಲ್ಲಿ ಬಹಿಷ್ಕಾರ ಹಾಕಿದರು. ಒಂದು ಬಾಗಿಲು ತೆಗೆದ ಕೈಯೇ ಇನ್ನೊಂದು ಬಾಗಿಲಿನ ಅಗುಳಿ ಹಿಡಿದಿದೆ.

ಈಗ ನಮ್ಮ ಕಡೆ ನೋಡೋಣ. ನಮ್ಮಲ್ಲಿ 1950ರ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು, 1955ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನು ಬಂತು. ಕಾನೂನು ಬಂದು 67 ವರ್ಷವಾದ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತರ ಹುಡುಗನೊಬ್ಬ ದೇವರ ಗುಜ್ಜುಕೋಲು ಮುಟ್ಟಿದ. ಊರಿನವರು ಆ ಮನೆಗೆ 60,000 ರೂಪಾಯಿ ದಂಡ ಹಾಕಿದರು. ಆ ಮನೆಯವರು ಗೋಡೆಯ ಮೇಲಿದ್ದ ದೇವರ ಪಟಗಳನ್ನು ತೆಗೆದು ಅಂಬೇಡ್ಕರ್ ಪಟ ಹಾಕಿದರು. ಆ ಮನೆಯ ತೀರ್ಮಾನ ಯಾವ ಧರ್ಮಸಭೆಯ ನಿರ್ಣಯಕ್ಕಿಂತ ಕಡಿಮೆ?

ಹಾಗಂತ ಧರ್ಮ ಬದಲಿಸಿದರೆ ಎಲ್ಲ ಸರಿಹೋಗುತ್ತೆ ಅಂತಲೂ ನಾವು ಹೇಳುತ್ತಿಲ್ಲ. ಕ್ರೈಸ್ತನಾದ ದಲಿತನಿಗೆ 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸವಲತ್ತನ್ನು ಕೊಡೋದಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಅದು ಸಿಕ್ಕಿತು. ದೇವರು ಬದಲಾದರೂ ಊರು ಅವನ ಕೇರಿಯನ್ನು ಮರೆಯೋದಿಲ್ಲ. ಬೆಂಗಳೂರಿನ ಹೊಸ ದೇವಾಲಯದ ಕಡೆ ಹೋಗುವ ನಮ್ಮ ಹುಡುಗ, ಹುಡುಗಿ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಒಳಗೆ ಯಾರು, ಹೊರಗೆ ಯಾರು, ಅದನ್ನು ತೀರ್ಮಾನಿಸಿದವರು ಯಾರು? ಮಠಕ್ಕೂ ಮಸೀದಿಗೂ ಚರ್ಚಿಗೂ ಇದೇ ಪ್ರಶ್ನೆ. ಪ್ರಶ್ನೆ ಕೇಳೋದು ಈ ಸೀಮೆಗೆ ಹೊಸದಲ್ಲ. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದ್ದರು.

ಕೊನೆಯದಾಗಿ ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಒಂದು ಮಾತು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಬಿದ್ದವರಿಗೆ ಸ್ಮಾರಕ ಇದೆ, ಇರಬೇಕಾದದ್ದೇ. ಗುಡಿಯ ಬಾಗಿಲಲ್ಲಿ ಏಟು ತಿಂದವರಿಗೆ, ಬಾವಿಗೆ ಮೊದಲ ಬಿಂದಿಗೆ ಇಳಿಸಿದ ಅವ್ವಂದಿರಿಗೆ ಸ್ಮಾರಕ ಎಲ್ಲಿದೆ? ಬಾಗಿಲು ತೆರೆದ ಮೇಲೆ ದೇವರೇ ತೆರೆದ ಅಂತ ಹೇಳೋದಕ್ಕೆ ಜನ ಸಿದ್ಧರಾಗಿರುತ್ತಾರೆ. ಜೇನ್ ತನ್ನ ಕಥೆಯನ್ನು ಹೇಳಿ ಬರೆಸಿಟ್ಟಳು, ಅದಕ್ಕೇ ಅವಳ ರಕ್ತದ ಹೆಜ್ಜೆ ನಮಗೆ ಕಾಣುತ್ತಿದೆ. ನಿಮ್ಮ ಊರಿನಲ್ಲಿ ಯಾರನ್ನು ತಡೆದರು, ಯಾವ ವರ್ಷ, ಯಾರು ಮುಂದೆ ಹೋದರು — ಮುದುಕ ಮುದುಕಿಯರನ್ನು ಕೇಳಿ ಬರೆದಿಡಿ. ಅವರು ಇರುವಾಗಲೇ ಬರೆದಿಡಿ.